ಕಾಲು ನೆಲಕ್ಕೆ ತಾಗುವ ಕುರ್ಚಿ

ವಾಲ್‌ಕ್ಲಾರಾ,
ಸಂತ ಮಾರ್ಟಿನನ ಹಬ್ಬದ ಮಾರನೆಯ ದಿನ,
ದೊರೆಗಳು ಸಾರ್ಡಿನಿಯಾದ ಯುದ್ಧಕ್ಕೆ ಹಡಗು ಹತ್ತಿದ ಎರಡನೆಯ ವರ್ಷ

ಪ್ರೀತಿಯ ಸೌರಿನಾ,

ಹೇಗಿದ್ದೀಯೇ? ಸೊಂಟನೋವು ಕಡಿಮೆಯಾಯಿತೇ? ಈ ಚಳಿಗೆ ಬಾರ್ಸಿಲೋನಾದ ಅರಮನೆಯ ಕಲ್ಲುನೆಲ ಕೊರೆಯುತ್ತಿರುತ್ತದೆ, ಬರಿಗಾಲಲ್ಲಿ ಓಡಾಡಬೇಡ. ನಾನು ಮಾಡಿಕೊಟ್ಟ ಮರದ ಪಾದರಕ್ಷೆ ಟಕಟಕ ಅನ್ನುತ್ತದೆಂದು ದಾಸಿಯರು ನಕ್ಕರೆ ನಗಲಿ, ನೆಗಡಿಯಾದರೆ ಅವರೇನು ನಿನ್ನ ಕಾಲು ಒತ್ತುತ್ತಾರೆಯೇ? ನಿನ್ನ ಮಡಿಲಲ್ಲಿರುವ ಪುಟ್ಟ ದೊರೆ ಹಲ್ಲು ಬಂದಾಗಿನಿಂದ ಹಾಲು ಕುಡಿಯುವಾಗ ಕಚ್ಚುತ್ತಾನೆ ಎಂದು ನೀನು ಹಿಂದೊಮ್ಮೆ ಹೇಳಿ ಕಳಿಸಿದ್ದೆ. ರಾಜಕುಮಾರನಾದರೇನು, ಮೂಗು ಹಿಡಿ, ತಾನಾಗಿ ಬಿಡುತ್ತಾನೆ. (ಪಾದ್ರಿಗಳೇ, ನನ್ನ ಹೆಂಡತಿಗೆ ಓದಲು ಬಾರದೆಂದು ತಾವು ಓದಿ ಹೇಳುತ್ತಿದ್ದೀರಿ, ಉಪಕಾರವಾಯಿತು. ಈ ಮಾತನ್ನು ಮಾತ್ರ ಮೆಲ್ಲಗೆ ಓದಿ, ಪಕ್ಕದಲ್ಲಿ ಯಾರಾದರೂ ಇದ್ದಾರು. ಅಕ್ಷರ ದಪ್ಪವಾಗಿದ್ದರೆ ಕ್ಷಮಿಸಿ, ಶವಪೆಟ್ಟಿಗೆಗಳ ಮೇಲೆ ಹೆಸರು ಕೆತ್ತಿ ಕಲಿತ ಬರವಣಿಗೆ ಇದು.) ನಾವೆಲ್ಲ ಚೆನ್ನಾಗಿದ್ದೇವೆ. ಹೊಸ ದ್ರಾಕ್ಷಾರಸದ ಪೀಪಾಯಿ ತೆರೆದಾಯಿತು, ಹಂದಿ ಕೊಯ್ದಾಯಿತು, ದೊಲ್ಸಾ ಅಕ್ಕ ಅಡುಗೆಮನೆಯ ತುಂಬ ಸಾಸೇಜು ನೇತುಹಾಕಿದ್ದಾಳೆ. ನಮ್ಮ ಮಗಳು ಗಿಸ್ಲಾ ಕುಳ್ಳಗೆ ಗುಂಡಗೆ ಇದ್ದಾಳೆ, ಉಳಿಯಿಂದ ಹಾರಿದ ಮರದ ಸುರುಳಿಗಳನ್ನೆಲ್ಲ ಕೂದಲಿಗೆ ಸಿಕ್ಕಿಸಿಕೊಂಡು ಕುಣಿಯುತ್ತಾಳೆ.

ಹೋದ ಸಲ ನೀನು ಹೇಳಿ ಕಳಿಸಿದ್ದು ಒಂದೇ ಮಾತು, ‘ನನ್ನನ್ನ ಇಲ್ಲಿಂದ ಬಿಡಿಸ್ಕೊಂಡು ಹೋಗಿ’ ಅಂತ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ ಮಾರಾಯ್ತಿ. ಯಾರ ಹತ್ತಿರ ಬಿಡಿಸಿಕೊಳ್ಳಲಿ? ನಿನ್ನನ್ನು ಹಾಲೂಡಿಸಲು ನೇಮಿಸಿದ್ದು ದೊರೆಗಳ ಮುದ್ರೆ. ದೊರೆ ನೇಮಿಸಿದವಳನ್ನು ದೊರೆಯೇ ಬಿಡಬೇಕು ಎಂದು ಅರಮನೆಯ ಪಾರುಪತ್ಯಗಾರ ಹಾಡಿದ್ದೇ ಹಾಡುತ್ತಾನೆ. ದೊರೆಗಳೋ ಸಮುದ್ರದಾಚೆ. ಇಲ್ಲಿ ಅವರ ಬದಲಿಗೆ ಆಳಲು ನಿಂತಿರುವವರು ರಾಣಿಯಮ್ಮ. ಆಲಿವ್ ಹೂ ಬಿಟ್ಟಾಗ ಮಗುವನ್ನು ನಿನ್ನ ಕೈಗೆ ಹಾಕಿ ಊರೂರು ತಿರುಗಲು ಹೊರಟವರು, ಕಡೆಗೆ ನಮ್ಮೂರಿನಲ್ಲೇ ಸಭೆ ಕರೆದರು. ಸರದಾರರು, ಬಿಷಪ್ಪರು, ಪಟ್ಟಣಗಳ ಮುಖ್ಯಸ್ಥರು ಎಲ್ಲ ಬಂದು ಮಠದ ಹಜಾರದಲ್ಲಿ ಕೂತರು. ಕೂತವರೇ ತಗಾದೆ ತೆಗೆದರು: ದೊರೆಯಿಲ್ಲದೆ ಸಭೆ ಹೇಗೆ, ಹೆಂಗಸು, ಅದೂ ಪರದೇಶದಲ್ಲಿ ಹುಟ್ಟಿದವರು, ಆಕೆಯ ಮಾತನ್ನು ದೊರೆಯ ಮಾತೆಂದು ಒಪ್ಪುವುದು ಹೇಗೆ. ಇವರು ಒಪ್ಪದಿದ್ದರೆ ರಾಣಿಯಮ್ಮನ ಮುದ್ರೆಗೆ ಬೆಲೆಯಿಲ್ಲ, ಬೆಲೆಯಿಲ್ಲದ ಮುದ್ರೆಯಿಂದ ನಿನ್ನನ್ನು ಬಿಡಿಸುವವರು ಯಾರು? ಜನ ದೇಶದ ಚಿಂತೆ ಮಾಡುತ್ತಿದ್ದರು, ನಾನು ನಿನ್ನ ಚಿಂತೆ ಮಾಡುತ್ತಾ ಹಜಾರದ ಬಾಗಿಲಲ್ಲಿ ನಿಂತಿದ್ದೆ.

ಕಡೆಗೆ ಜಗಳ ಕುರ್ಚಿಗೆ ಬಂತು ನೋಡು. ದೊರೆಗಳ ಕುರ್ಚಿ ಖಾಲಿ ಇರಲಿ, ರಾಣಿಯವರು ಪಕ್ಕದಲ್ಲಿ ಮಣೆಯ ಮೇಲೆ ಕೂರಲಿ ಅಂದರು ಸರದಾರರು. ಪಟ್ಟಣದವರಲ್ಲಿ ಒಬ್ಬ ಉಣ್ಣೆ ವ್ಯಾಪಾರಿ ಎದ್ದು, ‘ಖಾಲಿ ಕುರ್ಚಿ ಮುಂದೆ ನಾವು ಕಷ್ಟಸುಖ ಹೇಳ್ಕೊಳ್ಳೋದಾ? ಅದೇನು ತಲೆ ಆಡಿಸುತ್ತಾ?’ ಅಂದ. ಹಜಾರವೆಲ್ಲ ನಕ್ಕಿತು. ಕೊನೆಗೆ ರಾಣಿಯಮ್ಮನಿಗೆ ಬೇರೆ ಕುರ್ಚಿ, ದೊರೆಯ ಕುರ್ಚಿಗಿಂತ ಒಂದು ಬೆರಳು ಗಿಡ್ಡ ಎಂದು ತೀರ್ಮಾನವಾಯಿತು. ಯಾರ ಬೆರಳು? ಅದಕ್ಕೆ ಇಡೀ ಬೆಳಗು ಹೋಯಿತು. ಸರದಾರರ ಬೆರಳು ಮೂಲಂಗಿಯಷ್ಟು ದಪ್ಪ, ಬಿಷಪ್ಪರದು ಕಡ್ಡಿ. ಬಿಷಪ್ಪರ ಬೆರಳೇ ಗೆದ್ದಿತು.

ಕೆಲಸಕ್ಕೆ ಕರೆದದ್ದು ನಿನ್ನ ಗಂಡನನ್ನು. ನಾನು ಟೋಪಿ ಕೈಯಲ್ಲಿ ಹಿಡಿದು ಅಳತೆ ತೆಗೆಯಲು ಹೋದೆ. ನೀನು ಹೇಳಿದ್ದು ನಿಜ, ರಾಣಿಯಮ್ಮ ನೋಡಲು ಸಣ್ಣ ಆಳು, ನಮ್ಮ ದೊಲ್ಸಾ ಅಕ್ಕನ ಭುಜಕ್ಕೆ ಬಂದಾರು. ‘ಎತ್ತರ ಅವರು ಹೇಳಿದಷ್ಟೇ ಇರ್ಲಿ ಬಡಗಿಯಪ್ಪಾ. ನನ್ನ ಕಾಲು ನೆಲಕ್ಕೆ ತಾಗ್ಬೇಕು, ಅಷ್ಟು ಮಾಡು. ಕಾಲು ತೂಗಾಡಿಸ್ಕೊಂಡು ಕೂತೋಳ ಮಾತು ಯಾರು ಕೇಳ್ತಾರೆ?’ ಅಂದರು. ಅಷ್ಟೆತ್ತರದ ಕುರ್ಚಿಯಲ್ಲಿ ಆ ಕಾಲು ಏನು ಮಾಡಿದರೂ ನೆಲಕ್ಕೆ ತಾಗದು. ಎರಡು ಸಲ ಕುರ್ಚಿಯ ಮುಂಗಾಲು ಕತ್ತರಿಸಿ ಕೆಡಿಸಿದೆ, ಒಳ್ಳೆಯ ಆಕ್ರೋಟು ಮರ ಹಾಳಾಯಿತು, ನನ್ನನ್ನೇ ಬೈದುಕೊಂಡೆ. ಆಮೇಲೆ ಗಿಸ್ಲಾ ಬೆಂಚಿನ ಮೇಲೆ ಕೂತು ನನ್ನ ಪೆಟ್ಟಿಗೆಯ ಮೇಲೆ ಕಾಲೂರಿದ್ದು ಕಂಡು, ಕುರ್ಚಿಗೇ ಸೇರಿದಂತೆ ಕಾಲಿಡಲು ಒಂದು ಹಲಗೆ ಜೋಡಿಸಿದೆ. ಲಂಗದ ಅಂಚು ಬಿದ್ದರೆ ಅದು ಕಾಣುವುದಿಲ್ಲ. ಸಭೆ ಮತ್ತೆ ಸೇರಿದ ದಿನ ರಾಣಿಯಮ್ಮ ಬಂದು ಕೂತು, ಎರಡೂ ಪಾದ ಊರಿ, ನನ್ನ ಕಡೆ ಒಮ್ಮೆ ನೋಡಿದರು. ಸರದಾರರು, ಅರಮನೆಯವರು ಎಲ್ಲ ಒಬ್ಬೊಬ್ಬರಾಗಿ ಕೈ ಎತ್ತಿ, ದೊರೆ ಮರಳುವವರೆಗೆ ರಾಣಿಯಮ್ಮನ ಮಾತೇ ದೊರೆಯ ಮಾತು ಎಂದು ಆಣೆಯಿಟ್ಟರು. ಅಂದಿನಿಂದ ಬೆಳಿಗ್ಗೆ ಗಡಿಯ ತಂಟೆ, ಮಧ್ಯಾಹ್ನ ದೊರೆಯ ಹಡಗುಗಳಿಗೆ ಗೋಧಿ, ಸಂಜೆ ಯಾರದೋ ಮನೆಯ ಅತ್ತೆ ಸೊಸೆ ವ್ಯಾಜ್ಯ. ಎಲ್ಲ ಆ ಕುರ್ಚಿಯಲ್ಲೇ. ನಾವು ರಾಣಿಯೆಂದರೆ ದೊರೆಯ ಪಕ್ಕದಲ್ಲಿ ಕಿರೀಟ ಹಾಕಿಕೊಂಡು ನಗುವವರು ಅಂದುಕೊಂಡಿದ್ದೆವು, ಅಲ್ಲವೇ?

ಆಣೆ ಮುಗಿದ ಕೂಡಲೇ ರಾಣಿಯಮ್ಮ ನನ್ನನ್ನು ಕರೆದು ಕೂಲಿ ಏನು ಬೇಕೆಂದು ಕೇಳಿದರು. ‘ತಾಯೀ, ನನ್ನ ಹೆಂಡ್ತೀನ ಕೊಡಿ’ ಅಂದುಬಿಟ್ಟೆ. ಪಕ್ಕದಲ್ಲಿದ್ದ ಪಾರುಪತ್ಯಗಾರ ಮತ್ತೆ ಹಳೇ ಹಾಡು ತೆಗೆದ, ಅದಕ್ಕೆ ದೊರೆಗಳ ಮಾತೇ ಆಗಬೇಕು ಎಂದು. ರಾಣಿಯಮ್ಮ, ‘ಈಗ ತಾನೇ ನೀವೂ ಕೈ ಎತ್ತಿದ್ರಲ್ಲ ಸ್ವಾಮಿ? ನಾನು ನೋಡ್ದೆ’ ಅಂದರು. ಅವನ ಮುಖ ನೀನು ನೋಡಬೇಕಿತ್ತು. ಆದರೆ ಆಮೇಲೆ ರಾಣಿಯಮ್ಮ ನನ್ನನ್ನೇ ದಿಟ್ಟಿಸಿ, ‘ಅವಳು ಬಂದ್ರೆ ನನ್ನ ಮಗನಿಗೆ ಯಾರಪ್ಪಾ?’ ಎಂದು ಕೇಳಿದರು. ಆಕೆಯೂ ಹೂ ಬಿಟ್ಟ ಕಾಲದಿಂದ ಮಗನನ್ನು ಕಂಡಿಲ್ಲ, ಈಗ ಆಲಿವ್ ಕಾಯಿ ಕಪ್ಪಾಗಿದೆ. ತಾವೇ ಹೇಳಿದರು, ಅವಳೂ ಮಗುವೂ ಇಬ್ಬರೂ ಇಲ್ಲಿಗೇ ಬರಲಿ, ಸಭೆ ವಸಂತದವರೆಗೂ ಮುಗಿಯುವ ಹಾಗಿಲ್ಲ ಅಂತ. ಮಗು ಹಾಲು ಬಿಡುವವರೆಗೆ ನೀನು ನಮ್ಮೂರ ಕೋಟೆಯಲ್ಲಿರಬೇಕು, ಗಿಸ್ಲಾಳೂ ನಿನ್ನ ಜೊತೆಗಿರಬಹುದು, ಆಮೇಲೆ ನೀನು ನಮ್ಮವಳು. ಮುದ್ರೆ ಬಿದ್ದಾಯಿತು. ಕೋಟೆಯ ಕಿಟಕಿ ನನ್ನ ಅಂಗಡಿಯಿಂದ ಕಾಣುತ್ತದೆ. ಇಷ್ಟು ಸಿಕ್ಕಿದ್ದೇ ನನಗೆ ಹಬ್ಬ. ಕರೆತರುವವರು ಈ ಪತ್ರದ ಹಿಂದೆಯೇ ಹೊರಡುತ್ತಾರೆ, ಬಟ್ಟೆಬರೆ ಕಟ್ಟಿಕೊಂಡಿರು.

ದೊಲ್ಸಾ ಅಕ್ಕ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ಪಾದ್ರಿಗಳಿಗೆ ನನ್ನ ನಮಸ್ಕಾರ. ದಾರಿಯಲ್ಲಿ ಚಳಿ ತಾಗದಂತೆ ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ ದಾರಿ ಕಾಯುತ್ತಿರುವ
ಪೊನ್ಸ್

ಮರೆತೆ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಪಾದ್ರಿಗಳೇ, ಇದನ್ನು ಎರಡು ಸಲ ಓದಿ. ಸೌರಿನಾ, ಗಿಸ್ಲಾ ದೊಲ್ಸಾ ಅಕ್ಕನನ್ನೇ ಅಮ್ಮ ಅನ್ನುತ್ತಾಳೆ. ಅಕ್ಕ ಹೇಳಿಕೊಟ್ಟದ್ದಲ್ಲ, ಅವಳು ತಿದ್ದಿ ತಿದ್ದಿ ಸೋತಿದ್ದಾಳೆ. ‘ನಿನ್ನ ಮಗಳು ಅಮ್ಮನ ಗುರುತು ಹಿಡೀತಾಳಾ?’ ಎಂದು ರಾಣಿಯಮ್ಮ ಕೇಳಿದಾಗ ಸುಳ್ಳು ಹೇಳಲಾಗದೆ ಇಲ್ಲ ಅಂದೆ. ‘ನನ್ನವನೂ ಹಿಡಿಯಲ್ಲ’ ಅಂದರು. ಆಮೇಲೆ, ‘ನಾನೇ ಊರಬಾಗಿಲಿಗೆ ಬರ್ತೀನಿ. ಹೇಸರಗತ್ತೆಯಿಂದ ಇಳಿಯೋಕ್ಕೆ ಮೊದ್ಲೇ ಅವನನ್ನ ನನ್ನ ಕೈಗೆ ಕೊಡ್ಲಿ. ಆ ಹುಡುಗಿ ಮೊದಲ ಸಲ ನೋಡುವಾಗ ಅವಳಮ್ಮನ ಕೈ ಖಾಲಿ ಇರ್ಬೇಕು’ ಅಂದರು. ಹಾಗೇ ಮಾಡು. ಅವನು ರಚ್ಚೆ ಹಿಡಿದು ಅತ್ತರೂ ತಿರುಗಿ ನೋಡಬೇಡ, ಅವನಮ್ಮ ಸಮಾಧಾನ ಮಾಡಲಿ, ಅದು ಅವರ ಪಾಲಿನದು. ನೀನು ಇಳಿದು ಕೈ ಚಾಚು. ಗಿಸ್ಲಾ ನನ್ನ ಹೆಗಲ ಮೇಲೆ ಇರುತ್ತಾಳೆ.