ಕಣ್ಣು ಬಿಟ್ಟು ಕೂತ ಪ್ರಾರ್ಥನೆ

೧೨ ಆಗಸ್ಟ್ ೧೯೮೩, ಶುಕ್ರವಾರ. ವೈಟ್‌ಫೀಲ್ಡ್.

ಜಯಶೀಲನ ಮೇಲಿನ ಅನುಮಾನ ಇವತ್ತೂ ನಿದ್ದೆ ಮಾಡಲು ಬಿಡುತ್ತಿಲ್ಲ. ನಮ್ಮ ಚರ್ಚಿನ ಸಭೆಗೆ ಹೊಸಬ. ಕೀರ್ತನೆಗೆ ಒಳ್ಳೆ ಕಂಠ, ಸೋಪಿನ ಪುಡಿ ಮಾರಲು ಇನ್ನೂ ಒಳ್ಳೆ ಕಂಠ. ಶುಕ್ರವಾರದ ಮನೆ ಪ್ರಾರ್ಥನೆಯಲ್ಲಿ ಯಾರು ಕಷ್ಟ ಹೇಳಿಕೊಳ್ಳುತ್ತಾರೋ, ಶನಿವಾರ ಅವರ ಬಾಗಿಲಲ್ಲಿ ಪುಡಿಯ ಚೀಲ ಹಿಡಿದು ನಿಂತಿರುತ್ತಾನೆ. ದೇವರು ತಡಮಾಡಬಹುದು, ಈ ಪುಣ್ಯಾತ್ಮ ತಡಮಾಡುವುದಿಲ್ಲ.

ಹೋದ ವಾರ ಸುಗುಣಮ್ಮ ಮಗನಿಗೊಂದು ಕೆಲಸ ಸಿಗಲೆಂದು ಕೇಳಿಕೊಂಡಿದ್ದರು. ಮರುದಿನವೇ ಜಯಶೀಲ ಹೋಗಿ, "ಅಕ್ಕಾ, ನಿಮ್ ಪ್ರಾರ್ಥನೆಗೆ ಉತ್ತರ ತಂದಿದ್ದೀನಿ. ಮಗ ನಮ್ ಸೋಪಿನ ಪುಡಿಗೆ ಏಜೆಂಟ್ ಆಗ್ಲಿ, ನಮ್ ಸಭೆಯೋರನ್ನೇ ನಾಲ್ಕು ಜನ ಸೇರಿಸಿದ್ರೆ ಸಾಕು" ಅಂದನಂತೆ. ಪಾಪ ಆಕೆ, ಬೇಡ ಅಂದರೆ ದೇವರಿಗೇ ಬೇಡ ಅಂದಂತಾದೀತೆಂದು ಹೆದರಿ ಒಪ್ಪಿಕೊಂಡರು.

ಈ ಸಂಜೆ ಸಭೆಯ ಪಾದ್ರಿ ಅಯ್ಯನವರು ಎಂದಿನಂತೆ, "ಸುಗುಣಮ್ಮ, ಪ್ರಾರ್ಥನೆಗೆ ಏನಾದ್ರೂ ವಿಜ್ಞಾಪನೆ ಇದೆಯಾ?" ಅಂದರು.

ಆಕೆ ಜಯಶೀಲನತ್ತ ನೋಡಿ, "ಏನೂ ಇಲ್ಲ ಅಯ್ಯನೋರೇ, ಎಲ್ಲಾ ಚೆನ್ನಾಗಿದೆ" ಅಂದರು. ಮಗ ಜ್ವರದಲ್ಲಿ ಮಲಗಿರುವುದು ನನಗೆ ಗೊತ್ತು.

ನನ್ನ ಸರದಿ ಬಂತು. ಹೆಂಡತಿ ಸರಳಾಳ ಆಪರೇಷನ್ ವಿಷಯ ಹೇಳಲು ಬಾಯಿ ತೆರೆದವನು ಜಯಶೀಲನನ್ನು ಕಂಡು ತಡೆದುಕೊಂಡೆ. "ನಂದೂ ಏನಿಲ್ಲ" ಅಂದೆ.

ಎಲ್ಲರೂ ಕಣ್ಣು ಮುಚ್ಚಿದರು. ಇವನೇನು ಮಾಡುತ್ತಾನೋ ನೋಡೋಣವೆಂದು ನಾನು ಮುಚ್ಚಲಿಲ್ಲ. ಅವನು ಕೈ ಜೋಡಿಸಿ, ತಲೆ ಬಗ್ಗಿಸಿ ಕೂತಿದ್ದ. ಭಕ್ತಿಯೋ ವ್ಯಾಪಾರವೋ ಎಂದು ಅಳೆಯುತ್ತಿರುವಾಗಲೇ ಆಮೆನ್ ಬಂದುಬಿಟ್ಟಿತು. ಸರಳಾಳಿಗಾಗಿ ನಾನಿನ್ನೂ ಒಂದು ಮಾತೂ ಕೇಳಿಕೊಂಡಿಲ್ಲ. ಈಗ ಮನೆಯಲ್ಲಿ ಪ್ರಾರ್ಥಿಸಲು ಕಣ್ಣು ಮುಚ್ಚಿದರೂ ಎದುರಿಗೆ ಅವನೇ ಕೂತಿದ್ದಾನೆ, ಪಕ್ಕದಲ್ಲಿ ಆ ಪುಡಿಯ ಚೀಲ.