ಕಾಲಿನ ಕಡೆಯ ಹಗ್ಗ

ಲೂಯಿಸ್ ದ್ವೀಪ, ಮಂಗಳವಾರ

ಪ್ರಿಯ ಟೋರ್ಮಡ್,

ನಿನ್ನ ಅಕ್ಕ ಪಟ್ಟಿ ತೋರಿಸಿದಳು. ನಾಳೆ ಮಾವನ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹಗ್ಗ ಹಿಡಿಯುವವರಲ್ಲಿ ನಾನಿಲ್ಲ. ತಲೆಯ ಕಡೆಯದು ಒಬ್ಬನೇ ಮಗನಾದ ನಿನ್ನದು, ಅದು ಸರಿ. ಆದರೆ "ನಮ್ಮೋರೇ ಎಂಟು ಜನ ಇದ್ದಾರೆ, ಆ ಸಾಸನಖ್ ಯಾಕೆ?" ಅಂದೆಯಂತೆ.

ಇಂಗ್ಲೆಂಡಿನವರಿಗೆ ನೀವು ಬಳಸುವ ಆ ಹಳೆಯ ಪದಕ್ಕೆ ಸ್ಯಾಕ್ಸನ್ ಕುಲದವನು ಎಂದಷ್ಟೇ ಅರ್ಥ, ಅದು ಬೈಗುಳವಲ್ಲ ಎಂದು ಮಾವನೇ ಹೇಳಿದ್ದರು. ಇಪ್ಪತ್ತಾರು ಬೇಸಿಗೆ ಅವರು ಒಣಗಿಸಿ ಒಲೆಗೆ ಹಾಕುವ ಜೌಗುಮಣ್ಣನ್ನು ಕಡಿದರು, ನಾನು ಹೆಂಟೆಗಳನ್ನು ಎತ್ತಿ ದಡಕ್ಕೆ ಎಸೆದೆ. "ಏ ಸಾಸನಖ್, ಅದೇನು ಮೊಟ್ಟೆ ಅಂದ್ಕೊಂಡ್ಯಾ? ಎಸಿಯೋ" ಎನ್ನುತ್ತಿದ್ದರು. ನನ್ನ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ಕೊನೆಯ ವಾರ ಅವರಿಗೆ ಸ್ವಂತ ಮಗಳ ಗುರುತೂ ಸಿಗಲಿಲ್ಲ. "ಸಾಸನಖ್ ಟೀ ಕುಡಿದ್ನಾ?" ಎಂದು ಮಾತ್ರ ಅವಳನ್ನು ಕೇಳುತ್ತಿದ್ದರು.

ನನಗೆ ಕಾಲಿನ ಕಡೆಯ ಹಗ್ಗವಾದರೂ ಸಾಕು. ಪಟ್ಟಿಯಲ್ಲಿ ಅದನ್ನು ಹಿಡಿಯಬೇಕಾದ ಈವನ್‌ಗೆ ಭುಜ ನೋವು, ಕೇಳಿದರೆ ತನ್ನದನ್ನು ಬಿಟ್ಟುಕೊಡುತ್ತಾನೆ. ಪಟ್ಟಿಯಲ್ಲಿ ನನ್ನ ಹೆಸರು ಬರೆಯಲು ಕಷ್ಟವಾದರೆ ಅವರು ಕರೆಯುತ್ತಿದ್ದುದನ್ನೇ ಬರೆ. ನಾಳೆ ಗುಂಡಿಯ ಬಳಿ ಅದನ್ನೇ ಕೂಗಿದರೂ ನಾನು ಮುಂದೆ ಬರುತ್ತೇನೆ.

ನಿನ್ನ ಭಾವ,
ವಿಲ್ಫ್ರೆಡ್