ಯಾವ ಅಪ್ಪನನ್ನು ಕರೆದೆ

ಅಪ್ಪಾ,

ಇವತ್ತು ನಮ್ಮ ಹೊಲಿಗೆ ಅಂಗಡಿಯಲ್ಲಿ ನಡೆದದ್ದನ್ನು ನೋಡಿದ್ದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮದುಮಗಳ ಬಿಳಿ ಗೌನಿನ ಎಡತೋಳನ್ನು ನಾನು ಬಲಗಡೆಗೆ ಹೊಲಿದುಬಿಟ್ಟಿದ್ದೆ! ಅವಳ ತಾಯಿ ಬೇರೆ ಎದುರಿಗೇ ಕೂತಿದ್ದರು.

ನೀನು ಹೊಲಿಯುವಾಗ ದೇವರನ್ನು ಪಕ್ಕದ ಹೊಲಿಗೆ ಮಿಷನ್ನಿನಲ್ಲಿ ಕೂತವನ ಹಾಗೆ ಮಾತಾಡಿಸುತ್ತಿದ್ದೆ: "ಯೇಸಪ್ಪಾ, ಬಟ್ಟೆ ಜಾರ್ತಿದೆ, ಆ ತುದಿ ಸ್ವಲ್ಪ ಹಿಡ್ಕೋ." ಗಿರಾಕಿಗಳಿಗೆ ಕೇಳಿಸದಿರಲಿ ಎಂದು ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಇವತ್ತು ತೋಳಿನ ಹೊಲಿಗೆ ಬಿಚ್ಚುವಾಗ ಬಟ್ಟೆ ಕತ್ತರಿಗೆ ಸಿಕ್ಕಿಕೊಂಡಿತು. "ಅಪ್ಪಾ, ಹರಿಯೋ ಹಾಗಿದೆ, ಸ್ವಲ್ಪ ಹಿಡ್ಕೋ" ಎಂದುಬಿಟ್ಟೆ, ಅದೂ ಗಟ್ಟಿಯಾಗಿ.

ಆ ತಾಯಿ ಅತ್ತಿತ್ತ ನೋಡಿದರು. "ನಿಮ್ಮಪ್ಪ ಹೋಗ್ಬಿಟ್ರಲ್ಲಮ್ಮಾ, ಈಗ ಯಾರನ್ನ ಕರೆದೆ?"

ನಿನ್ನನ್ನೋ, ನಿನ್ನ ಯೇಸಪ್ಪನನ್ನೋ? ನನಗೇ ತಿಳಿಯಲಿಲ್ಲ.

"ಇಲ್ಲೇ ಇದಾರೆ ಬಿಡಿ" ಎಂದೆ. ಒಂದೆಳೆಯೂ ಹರಿಯದೆ ತೋಳು ಬಿಡಿಸಿಕೊಂಡು ಬಂತು. ಆಕೆಗೂ ನಗು ಬಂತು.

ನಾಳೆ ಬೆಳಿಗ್ಗೆ ಎರಡೂ ತೋಳುಗಳನ್ನು ಸರಿಯಾಗಿ ಕೂರಿಸಬೇಕು. ನೀವಿಬ್ಬರೂ ಎಷ್ಟು ಬೇಕಾದರೂ ಮಾತಾಡಿಕೊಳ್ಳಿ, ಅಪ್ಪಾ. ನಾನು ರೇಡಿಯೋ ಹಾಕುವುದಿಲ್ಲ.